ಪತ್ತೇದಾರ ಪುರುಷೋತ್ತಮನಿಂದ ಸಿ.ಐ.ಡಿ. ೯೯೯ರ ವರೆಗೆ

ಯಾವುದೇ ಭಾಷೆಯಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತವೆ. ಎಲ್ಲರೂ ಹೊಗಳಿ ಕೆಲವರು ಮಾತ್ರ ಓದುವ ಪುಸ್ತಕಗಳು ಒಂದು ಬಗೆ. ಎಲ್ಲರೂ ಓದಿ ಯಾರೂ ಹೊಗಳದ ಪುಸ್ತಕಗಳು ಇನ್ನೊಂದು ಬಗೆ. ಮೊದಲನೆಯ ಬಗೆಯವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಆದರೂ ಎರಡನೆಯ ಬಗೆಯವನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ಹಳೆಯ ತಪ್ಪು.

ನಮ್ಮ ಕಾಕಾ ರೋಣದ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹಗಲೆಲ್ಲ ಹತ್ತಿ, ಕಡಲೆ, ಒಣಮೆಣಸಿನಕಾಯಿಗಳ ಲೆಕ್ಕ ಬರೆದು ದಣಿದು ಬಂದವರು, ರಾತ್ರಿ ಊಟವಾದ ಮೇಲೆ ಕಂದೀಲನ್ನು ಹತ್ತಿರಕ್ಕೆ ಎಳೆದುಕೊಂಡು ಓದಲು ಕೂಡುವರು. ಅವರ ಮಂಚದ ಕೆಳಗೊಂದು ತಗಡಿನ ಟ್ರಂಕು. ಅದರ ತುಂಬ ಪತ್ತೇದಾರಿ ಕಾದಂಬರಿಗಳು. ಪೇಟೆಯ ಕೆಲಸಕ್ಕೆಂದು ಗದಗಿಗೆ ಹೋದಾಗಲೆಲ್ಲ ಒಂದೊಂದಾಗಿ ತಂದು ಕೂಡಿಸಿದವು ಅವು. ಮುಖಪುಟದ ಮೇಲೆ ಪಿಸ್ತೂಲು ಹಿಡಿದ ಕೈ, ಓಡುವ ಮೋಟಾರು, ಬೆಚ್ಚಿಬಿದ್ದ ಹೆಣ್ಣಿನ ಮುಖ. ನಾನು ಅವನ್ನು ಕದ್ದು ಓದುವುದನ್ನು ಕಂಡಾಗ ನಮ್ಮ ಅವ್ವ, “ಸಾಲಿ ಪುಸ್ತಕಾ ಬಿಟ್ಟು ಖೂನಿ ಪುಸ್ತಕಾ ಹಿಡಿದೀಯಲ್ಲೋ ತಮ್ಮಾ!” ಎಂದು ಗದರುವಳು. ಕಾಕಾ ಮಾತ್ರ ಕನ್ನಡಕದ ಮೇಲಿಂದ ನೋಡಿ, “ಓದ್ಲಿ ಬಿಡ್ರಿ ವೈನಿ. ಇದನ್ನ ಓದಿದಾಂವ ಮುಂದ ಅದನ್ನೂ ಓದತಾನ” ಎನ್ನುವರು.

ಅವರು ತೀರಿಕೊಂಡಾಗ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಟ್ರಂಕನ್ನು ತೆಗೆದು ನೋಡಿದೆ. ಒಂದೊಂದನ್ನು ಎತ್ತಿ ನಕ್ಕೆ. ಹಳೆಯ ಕಾಗದ ಕೊಳ್ಳುವವನನ್ನು ಕರೆದು ಎಲ್ಲವನ್ನೂ ತಕ್ಕಡಿಗೆ ಹಾಕಿದೆ. ಒಂದನ್ನೂ ಉಳಿಸಿಕೊಳ್ಳಲಿಲ್ಲ. ‘ಅದನ್ನೂ’ ಓದುವ ಯೋಗ್ಯತೆಯನ್ನು ನನಗೆ ‘ಇದೇ’ ತಂದುಕೊಟ್ಟಿತ್ತೆಂಬ ವಿಚಾರ ಆ ಹೊತ್ತಿಗೆ ಹೊಳೆಯಲಿಲ್ಲ. ಮೊನ್ನೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಪತ್ತೇದಾರಿ ಕಾದಂಬರಿ ಸಾಹಿತ್ಯ ಹೌದೋ ಅಲ್ಲೋ?” ಎಂದು ಕೇಳಿದಳು. ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದು ಉತ್ತರ ಹೇಳೋಣವೆಂದರೆ, ಗೊತ್ತಿದ್ದ ಮನೆಗಳ ಕಪಾಟುಗಳನ್ನೆಲ್ಲ ಹುಡುಕಿದರೂ ಒಂದು ಪ್ರತಿ ಸಿಗಲಿಲ್ಲ. ಒಂದು ಕಾಲಕ್ಕೆ ಮನೆಮನೆಯಲ್ಲಿ ಇದ್ದ ವಸ್ತು ಇಷ್ಟು ಬೇಗ ಹೇಳಹೆಸರಿಲ್ಲದೆ ಹೋದದ್ದು ಹೇಗೆ? ಅದು ಜನರನ್ನು ಅಷ್ಟು ಹಿಡಿದಿಟ್ಟಿದ್ದಾದರೂ ಏತಕ್ಕೆ? ಈ ಲೇಖನದ ಪ್ರಶ್ನೆಗಳು ಇವೇ.

ಮೊದಲು ಕಾಲವನ್ನು ನೋಡೋಣ. ೧೯೫೧ರ ಜನಗಣತಿಯಂತೆ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ೧೮ ಜನ. ಅದರ ಮರುವರ್ಷವೇ, ೧೯೫೨ರಲ್ಲಿ, ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ಹೊರಬಂದಿತು. ೧೯೨೫ರಲ್ಲಿ ಹುಟ್ಟಿದ ನರಸಿಂಹಯ್ಯನವರ ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿತ್ತು. ಅಂಥವರು ೨೦೧೧ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದರು. ಒಬ್ಬ ಮನುಷ್ಯನ ಕೈಯಿಂದ ಐನೂರು ಕಾದಂಬರಿ! ಅವುಗಳಲ್ಲಿ ಎಷ್ಟು ಕಲೆಯಿದೆ ಎಂದು ಕೇಳುವುದು ಸುಲಭ. ಅವನ್ನು ಓದಿದವರು ಯಾರು ಎಂದು ಕೇಳುವುದು ಅದಕ್ಕಿಂತ ಮುಖ್ಯ.

ಆ ಕಾಲಕ್ಕೆ ಪ್ರಗತಿಶೀಲ ಸಾಹಿತಿಗಳು, ಸಾಹಿತ್ಯವು ಜನಸಾಮಾನ್ಯರನ್ನು ಮುಟ್ಟಬೇಕೆಂದು ಸಾರುತ್ತಿದ್ದರು, ಅ.ನ. ಕೃಷ್ಣರಾಯರಂಥವರು ಬಹುಮಟ್ಟಿಗೆ ಮುಟ್ಟಿದರು ಕೂಡ. ಆದರೆ ಮೂರನೆಯ ಇಯತ್ತೆಗೋ ನಾಲ್ಕನೆಯ ಇಯತ್ತೆಗೋ ಶಾಲೆ ಬಿಟ್ಟು, ಅಕ್ಷರ ಕೂಡಿಸಿ ಓದುವ ಕಸುವು ಮಾತ್ರ ಉಳಿದಿದ್ದವನ ಗತಿಯೇನು? ಹೋಟೆಲಿನ ಮಾಣಿ, ಗಿರಣಿಯ ಕೂಲಿಕಾರ, ಬಸ್ಸಿನ ಕಂಡಕ್ಟರ, ಮದುವೆಯಾಗಿ ಶಾಲೆ ಮರೆತ ಹೆಣ್ಣುಮಗಳು, ಇವರ ಕೈಗೆ ಸುಲಭವಾಗಿ ಸಿಕ್ಕಿದ್ದು ಪುರುಷೋತ್ತಮನೇ. ಸಣ್ಣ ವಾಕ್ಯ, ದಿನಬಳಕೆಯ ಮಾತು, ಪುಟ ಮುಗಿದೊಡನೆ ಮುಂದೇನಾಯಿತೆಂಬ ಆತುರ. ಬಳಸದೆ ಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುವಂತೆ ಓದದೆ ಬಿಟ್ಟ ಅಕ್ಷರಕ್ಕೂ ತುಕ್ಕು ಹಿಡಿಯುತ್ತದೆ. ಅದನ್ನು ದಿನಾಲು ಮಸೆದವು ಈ ಪುಸ್ತಕಗಳು. ವಯಸ್ಕರ ಶಿಕ್ಷಣವೆಂಬ ಹೆಸರಿಲ್ಲದೆಯೇ ನಡೆದ ವಯಸ್ಕರ ಶಿಕ್ಷಣ ಇದು.

ನಮ್ಮ ಭಾಗಕ್ಕೆ ಈ ರುಚಿ ಹೊಸದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ೧೯೫೬ರ ನವೆಂಬರ ಒಂದರ ವರೆಗೆ ರೋಣ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಮರಾಠಿ ಬಲ್ಲ ಹಿರಿಯರಿಗೆ ಬಾಬುರಾವ ಅರ್ನಾಳಕರರ ರಹಸ್ಯಕಥೆಗಳು ಎಟುಕುವ ಹಾಗಿದ್ದವು. ಆ ಮಹಾಶಯರು ಬರೆದ ಕಥೆಗಳ ಸಂಖ್ಯೆ ಸಾವಿರವನ್ನು ದಾಟುತ್ತದೆ. ಅವರ ಝುಂಝಾರ, ಕಾಳಾಪಹಾಡ ಮುಂತಾದ ವೀರರ ಹೆಸರುಗಳು ಮರಾಠಿ ನಾಡಿನಲ್ಲಿ ಮನೆಮಾತು. ಕನ್ನಡದ ಪುರುಷೋತ್ತಮ, ಅರಿಂಜಯರು ಬಂದಾಗ ನಮ್ಮವರಿಗೆ ಆದ ಸಂತೋಷ, ಬಾಡಿಗೆಯ ಮನೆಯಿಂದ ಸ್ವಂತದ ಮನೆಗೆ ಬಂದವರಿಗೆ ಆಗುವ ಸಂತೋಷ.

ಇನ್ನು ಈ ಕಥೆಗಳ ಮೋಹ ಎಂಥದೆಂಬುದನ್ನು ನೋಡೋಣ. ವಿಮರ್ಶಕರು ಇವುಗಳ ಮೇಲೆ ಹೊರಿಸುವ ದೊಡ್ಡ ಅಪವಾದವೆಂದರೆ ಒಂದೇ ಕಥೆಯನ್ನು ನೂರು ಸಲ ಹೇಳುತ್ತವೆ ಎಂಬುದು. ಮಾತು ನಿಜ. ಕೊಲೆಯಾಗುತ್ತದೆ, ಸಂದೇಹ ನಿರಪರಾಧಿಯ ಮೇಲೆ ಬೀಳುತ್ತದೆ, ಪತ್ತೇದಾರ ಬರುತ್ತಾನೆ, ಕೊನೆಗೆ ಅಪರಾಧಿಯ ಕೈಗೆ ಬೇಡಿ ಬೀಳುತ್ತದೆ. ಆದರೆ ನಮ್ಮ ಹಳ್ಳಿಯ ಜನಕ್ಕೆ ಇದು ದೋಷವಾಗಿ ಕಾಣುವುದಾದರೂ ಹೇಗೆ? ರಾತ್ರಿಯಿಡೀ ನಡೆಯುವ ದೊಡ್ಡಾಟದಲ್ಲಿ ಬೆಳಗಾಗುವ ಹೊತ್ತಿಗೆ ರಾಕ್ಷಸ ಸಾಯುತ್ತಾನೆಂಬುದು ಕಂಬಳಿ ಹೊದ್ದು ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ಹಾಗೆಂದು ಯಾರೂ ನಡುವೆ ಎದ್ದು ಹೋಗುವುದಿಲ್ಲ. ರಾಕ್ಷಸ ಹೇಗೆ ಬಂದ, ಹೇಗೆ ಅಬ್ಬರಿಸಿದ, ಎಷ್ಟು ಹೊತ್ತು ಕುಣಿದ ಎಂಬುದರಲ್ಲಿಯೇ ರುಚಿ. ಅಂತ್ಯ ತಿಳಿದಿರುವುದು ನೆಮ್ಮದಿ. ಅದನ್ನು ಮುಟ್ಟುವ ದಾರಿ ತಿಳಿಯದಿರುವುದು ಕುತೂಹಲ. ನೆಮ್ಮದಿ ಕುತೂಹಲಗಳೆರಡನ್ನೂ ಕೆಲವೇ ಆಣೆಗಳಿಗೆ ಒದಗಿಸಿದ ವಸ್ತುವನ್ನು ದಣಿದ ಮನುಷ್ಯ ಬಿಟ್ಟಾನೆಯೇ?

ಇದೆಲ್ಲ ಹೊಸದಾಗಿ ಅಕ್ಷರ ಕಲಿತ ಬಡನಾಡಿನ ಲಕ್ಷಣವೆಂದು ಯಾರಾದರೂ ಹೇಳಬಹುದು. ಆದ್ದರಿಂದ ಒಂದು ಕ್ಷಣ ದೂರದ ಜರ್ಮನಿಯ ಕಡೆಗೆ ನೋಡುವುದು ಉಚಿತ. ಅದು ಗಯಟೆ, ಕಾಂಟರ ನಾಡು. ಅಕ್ಷರಕ್ಕೂ ತತ್ತ್ವಜ್ಞಾನಕ್ಕೂ ಕೊರತೆಯಿಲ್ಲದ ನಾಡು. ಅಲ್ಲಿ ಅಪರಾಧದ ಕಥೆಗೂ ಚಿತ್ರಕ್ಕೂ ಇರುವ ಮುದ್ದಿನ ಹೆಸರು ‘ಕ್ರಿಮಿ’! ಅಪರಾಧ ಎಂಬರ್ಥದ ಅವರ ಮಾತನ್ನು ಮೊಟಕು ಮಾಡಿ ಹುಟ್ಟಿದ ಪದ ಅದು. ನಮ್ಮ ಪಂಡಿತರು ಕೇಳಿದ್ದರೆ ಹೆಸರು ಸರಿಯಾಗಿಯೇ ಇಟ್ಟಿದ್ದಾರೆಂದು ನಗುತ್ತಿದ್ದರೇನೋ.

೧೯೫೯ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ‘ಮುಖವಾಡದ ಕಪ್ಪೆ’ ಎಂಬರ್ಥದ ಹೆಸರಿನ ಒಂದು ಚಿತ್ರ ತೆರೆ ಕಂಡಿತು. ರಿಯಾಲ್ಟೊ ಎಂಬ ಕಂಪನಿ ತೆಗೆದ, ಹರಾಲ್ಡ್ ರೈನ್ಲ್ ನಿರ್ದೇಶಿಸಿದ ಈ ಚಿತ್ರಕ್ಕೆ ಆಧಾರ ಎಡ್ಗರ್ ವ್ಯಾಲೆಸ್ ಎಂಬ ಆಂಗ್ಲ ಲೇಖಕನ ಕಾದಂಬರಿ. ಚಿತ್ರ ಗೆದ್ದಿತು. ಅಲ್ಲಿಂದ ೧೯೭೨ರ ವರೆಗೆ ಅದೇ ಕಂಪನಿ ವ್ಯಾಲೆಸ್ಸನ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ಹೊರತಂದಿತು. ೧೯೩೨ರಲ್ಲಿಯೇ ತೀರಿಹೋದ ಈ ವ್ಯಾಲೆಸ್ಸನ ಬಾಳು ನಮ್ಮ ನರಸಿಂಹಯ್ಯನವರದನ್ನು ನೆನಪಿಗೆ ತರುತ್ತದೆ. ಬಡತನದಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು, ಪತ್ರಿಕೆ ಮಾರಿ, ಮುಂದೆ ನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದ ಮನುಷ್ಯ ಆತ.

ಈ ಚಿತ್ರಗಳಲ್ಲಿ ಕೆಲವನ್ನು ಇತ್ತೀಚೆಗೆ ನೋಡಿದೆ. ಕಥೆ ನಡೆಯುವುದು ಲಂಡನ್ನಿನಲ್ಲಿ; ಪೊಲೀಸರು ಸ್ಕಾಟ್ಲೆಂಡ್ ಯಾರ್ಡಿನವರು; ಮಾತು ಮಾತ್ರ ಅಪ್ಪಟ ಜರ್ಮನ್. ಚಿತ್ರೀಕರಣದ ಬಹುಭಾಗ ನಡೆದದ್ದು ಹ್ಯಾಂಬರ್ಗ್, ಬರ್ಲಿನ್ ಪಟ್ಟಣಗಳಲ್ಲಿ. ಲಂಡನ್ನಿನ ಸೇತುವೆಯ ನಾಲ್ಕು ನೋಟಗಳನ್ನು ನಡುನಡುವೆ ಸೇರಿಸಿ, ಹೊಗೆಯಿಂದ ಮಂಜು ಕವಿಸಿ, ಕೆಲಸ ಮುಗಿಸಿದ್ದಾರೆ. ಮುಖವಾಡದ ಖಳ, ಗುಪ್ತ ಬಾಗಿಲು, ಆಸ್ತಿಗೆ ಬಾಧ್ಯಳಾದ ತರುಣಿ, ಕಣ್ಣು ಕಿಸಿದು ಹೆದರಿಸುವ ಕ್ಲಾಸ್ ಕಿನ್ಸ್ಕಿ. ಹಾಗೆಯೇ ನಗಿಸಲು ಎಡ್ಡಿ ಅರೆಂಟ್ ಎಂಬ ನಟ. ನಮ್ಮ ಚಿತ್ರಗಳಲ್ಲಿ ನರಸಿಂಹರಾಜು ಅವರಿಗಿದ್ದ ಜಾಗ ಅಲ್ಲಿ ಆತನದು. ಆಲ್ಫ್ರೆಡ್ ಫೋರರ್ ಎಂಬ ನಿರ್ದೇಶಕನ ಕೈಯಲ್ಲಿ ಈ ಅಡಿಗೆ ಇನ್ನಷ್ಟು ಖಾರವಾಯಿತು. ಅಲ್ಲಿನ ವಿಮರ್ಶಕರು ಮೂಗು ಮುರಿದರು. ಜನ ಚೀಟಿಗೆ ಸಾಲು ನಿಂತರು.

ಜನರ ಈ ಹುಚ್ಚು ಎಷ್ಟಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೬೨ರ ಜನವರಿಯಲ್ಲಿ ಅಲ್ಲಿಯ ದೂರದರ್ಶನದಲ್ಲಿ ‘ಕುತ್ತಿಗೆಯ ವಸ್ತ್ರ’ ಎಂಬರ್ಥದ ಹೆಸರಿನ ಪತ್ತೇದಾರಿ ಧಾರಾವಾಹಿ ಆರು ಕಂತುಗಳಲ್ಲಿ ಬಂದಿತು. ಅದು ಬರುವ ಸಂಜೆ ಬೀದಿಗಳು ಬರಿದಾಗುತ್ತಿದ್ದವು. ಕೊನೆಯ ಕಂತಿಗೆ ಮುಂಚೆ ವೋಲ್ಫ್‌ಗಾಂಗ್ ನಾಯ್ಸ್ ಎಂಬ ವಿನೋದಗಾರ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕೊಲೆಗಾರ ಯಾರೆಂಬುದನ್ನು ಬಯಲು ಮಾಡಿಬಿಟ್ಟ. ನಾಡು ಕೆರಳಿತು, ಆತನನ್ನು ದೇಶದ್ರೋಹಿ ಎಂದು ಕರೆದರು! ತತ್ತ್ವಜ್ಞಾನಿಗಳ ನಾಡಿನ ಅವಸ್ಥೆ ಹೀಗಿರುವಾಗ ನಮ್ಮ ಗುಮಾಸ್ತ ಕಾಕಾ ನಾಚಬೇಕಾದ ಕಾರಣವಿಲ್ಲ.

ಜರ್ಮನರು ತಮ್ಮ ಅಪರಾಧದ ಕಥೆಗಳಿಗೆ ಲಂಡನ್ನನ್ನೇ ಏಕೆ ಆರಿಸಿಕೊಂಡರು? ಮೂಲ ಕಥೆ ಅಲ್ಲಿಯದೆಂಬುದು ಒಂದು ಉತ್ತರ. ಇನ್ನೊಂದು ಉತ್ತರವೂ ಇದ್ದಿರಬೇಕೆಂದು ನನಗೆ ತೋರುತ್ತದೆ. ಮಹಾಯುದ್ಧ ಮುಗಿದು ಆಗಿನ್ನೂ ಹದಿನಾಲ್ಕು ವರ್ಷ. ಹಿಟ್ಲರನ ಆಳಿಕೆಯಲ್ಲಿ ಪೊಲೀಸನು ಯಾವ ಕೆಲಸಕ್ಕೆ ಬಾಗಿಲು ತಟ್ಟುತ್ತಿದ್ದನೆಂಬುದು ಎಲ್ಲರ ನೆನಪಿನಲ್ಲಿತ್ತು. ತಮ್ಮ ಊರಿನ ಪೊಲೀಸನನ್ನು ನ್ಯಾಯದ ಮೂರ್ತಿಯೆಂದು ತೆರೆಯ ಮೇಲೆ ನೋಡಿ ಚಪ್ಪಾಳೆ ತಟ್ಟುವುದು ಆ ಜನಕ್ಕೆ ಕಷ್ಟವಾಗಿದ್ದೀತು. ಬೇರೆ ಊರು, ಬೇರೆ ಪೊಲೀಸ್, ಬೇರೆ ಹೆಣ ಇದ್ದರೆ ನಿಶ್ಚಿಂತೆಯಾಗಿ ಹೆದರಬಹುದು. ಅಗ್ಗದ ಚಿತ್ರ ಏನನ್ನು ತೋರಿಸುತ್ತದೆ ಎಂಬುದು ಚರಿತ್ರೆಗೆ ಸಾಕ್ಷಿ. ಏನನ್ನು ತೋರಿಸಲಾರದು ಎಂಬುದು ಅದಕ್ಕಿಂತ ದೊಡ್ಡ ಸಾಕ್ಷಿ.

ಜರ್ಮನಿಯ ಕತ್ತಲು ಬೆಳಕಿನ ಆಟಕ್ಕೂ ನಮ್ಮ ದೇಶದ ಚಿತ್ರಗಳಿಗೂ ಹಳೆಯ ನಂಟೊಂದುಂಟು. ೧೯೩೪ರಲ್ಲಿ ಹಿಮಾಂಶು ರಾಯರು ‘ಬಾಂಬೆ ಟಾಕೀಜ್’ ಕಟ್ಟಿದಾಗ ನಿರ್ದೇಶಕ ಫ್ರಾನ್ಜ್ ಓಸ್ಟನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಮುಂತಾದ ಜರ್ಮನರನ್ನು ಕರೆತಂದರು. ಯುದ್ಧ ಬಂದಾಗ ಬ್ರಿಟಿಷ್ ಸರಕಾರ ವಿರ್ಶಿಂಗರನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಅವರಿಲ್ಲದ ಆ ದಿನಗಳಲ್ಲಿಯೇ, ೧೯೪೩ರಲ್ಲಿ, ಅದೇ ಸಂಸ್ಥೆ ಜೇಬುಗಳ್ಳನೊಬ್ಬನನ್ನು ನಾಯಕನನ್ನಾಗಿ ಮಾಡಿ ‘ಕಿಸ್ಮತ್’ ತೆಗೆದು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷ ಓಡಿಸಿತು. ಬಿಡುಗಡೆಯಾಗಿ ಮರಳಿದ ವಿರ್ಶಿಂಗರು ೧೯೪೯ರಲ್ಲಿ ‘ಮಹಲ್’ ಚಿತ್ರದ ನೆರಳುಗಳನ್ನು ಹಿಡಿದರು. ಮುಂಬಯಿಯ ಆ ನೆರಳು ಗದಗ, ಹುಬ್ಬಳ್ಳಿಯ ತೆರೆಗಳ ಮೇಲೂ ಬಿದ್ದಿತು. ಕನ್ನಡದ ಸರದಿ ಬರಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು.

೧೯೬೮ರಲ್ಲಿ ‘ಜೇಡರ ಬಲೆ’ ಬಂದಿತು. ದೊರೈರಾಜ್, ಎಸ್.ಕೆ. ಭಗವಾನ್ ಎಂಬ ಇಬ್ಬರು ‘ದೊರೈ-ಭಗವಾನ್’ ಎಂಬ ಜೋಡಿ ಹೆಸರಿನಲ್ಲಿ ನಿರ್ದೇಶಿಸಿದ ಚಿತ್ರ ಅದು. ೧೯೬೨ರಲ್ಲಿ ಜೇಮ್ಸ್ ಬಾಂಡನ ಮೊದಲ ಚಿತ್ರ ಬಂದು ಜಗತ್ತೆಲ್ಲ ೦೦೭ ಎಂಬ ಅಂಕೆಯನ್ನು ಜಪಿಸುತ್ತಿದ್ದ ಕಾಲ. ನಮ್ಮವರು ೯೯೯ ಎಂದರು! ಅಲ್ಲಿಯವರೆಗೆ ಬೇಡರ ಕಣ್ಣಪ್ಪ, ಕಬೀರನಾಗಿ ಕಾಣಿಸಿಕೊಂಡಿದ್ದ ರಾಜಕುಮಾರರು ಸೂಟು ತೊಟ್ಟು, ಪಿಸ್ತೂಲು ಹಿಡಿದು, ಸಿ.ಐ.ಡಿ. ಪ್ರಕಾಶನಾಗಿ ಬಂದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಕೊನೆಗೆ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಮೂರನೆಯ ಚಿತ್ರದ ನಾಯಕಿಯಾಗಿದ್ದ ತರುಣಿ ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ. ನಾಲ್ಕನೆಯ ಚಿತ್ರಕ್ಕೆ ನೇಪಾಳದ ವರೆಗೆ ಹೋಗಿ ಬಂದರು. ಅದರಲ್ಲಿ ರಾಜಕುಮಾರರು ಇಂಗ್ಲಿಷಿನಲ್ಲಿ ಹಾಡಿದ ಹಾಡನ್ನು ಇಂದಿನ ಹುಡುಗರೂ ಗುನುಗುತ್ತಾರೆ.

ಇವುಗಳಲ್ಲಿ ಒಂದೆರಡನ್ನು ನಾನು ನೋಡಿದ್ದು ಬಹಳ ತಡವಾಗಿ, ಜಾತ್ರೆಯ ಕಾಲಕ್ಕೆ ಬಂದ ಟೂರಿಂಗ್ ಟಾಕೀಜಿನಲ್ಲಿ, ಕಾಕಾನ ಮಗ್ಗುಲಿಗೆ ನೆಲದ ಮೇಲೆ ಕುಳಿತು. ರೀಲು ಸವೆದು ಮಳೆ ಸುರಿದಂತೆ ಗೆರೆಗಳು. ನಡುವೆ ಹರಿದುಹೋದ ಕಡೆ ಕಥೆಯೇ ಹಾರಿಹೋಗುತ್ತಿತ್ತು. ಕಳ್ಳರ ಅಡ್ಡೆಯಲ್ಲಿ ಕೆಂಪು ಹಸಿರು ದೀಪಗಳು, ಗುಂಡಿ ಒತ್ತಿದರೆ ಸರಿಯುವ ಗೋಡೆ. ಗೋಡೆ ಅಲುಗಾಡಿದರೆ ಅದು ರಟ್ಟಿನದೆಂದು ಗೊತ್ತಾಗುತ್ತಿತ್ತು. ಆದರೂ ಜನ ಉಸಿರು ಬಿಗಿಹಿಡಿದು ಕೂಡುವರು. “ಗ್ವಾಡಿ ರಟ್ಟಿಂದು ಅನ್ನೋದು ಎಲ್ಲಾರಿಗೂ ಗೊತ್ತೈತಿ ತಮ್ಮಾ. ದೊಡ್ಡಾಟದ ಕಿರೀಟಾನೂ ರಟ್ಟಿಂದss” ಎಂದಿದ್ದರು ಕಾಕಾ. ಎಂ.ಎ. ತರಗತಿಯಲ್ಲಿ ರಸಸೂತ್ರದ ವ್ಯಾಖ್ಯಾನ ಓದಿದಾಗ ಈ ಮಾತು ಎಷ್ಟೋ ಸಲ ನೆನಪಾಗಿದೆ.

ಈ ರಟ್ಟಿನ ಗೋಡೆಗಳ ಹಿಂದೆ ಬರಿಯ ಸುಳ್ಳೇ ಇತ್ತೆಂದು ಮಾತ್ರ ತಿಳಿಯಬಾರದು. ‘ಜೇಡರ ಬಲೆ’ಯಲ್ಲಿ ಕಳ್ಳರ ಕೂಟ ಬೆನ್ನು ಹತ್ತುವುದು ಒಬ್ಬ ವಿಜ್ಞಾನಿಯ ಸೂತ್ರವನ್ನು; ಬೇರೆ ಲೋಹವನ್ನು ಚಿನ್ನವಾಗಿಸುವ ಸೂತ್ರ ಅದು. ಕಟ್ಟುಕಥೆಯೆಂದು ಇಂದು ನಗಬಹುದು. ಆದರೆ ಆ ವರ್ಷಗಳನ್ನು ನೆನೆಯಿರಿ. ಚೀನಾ ಯುದ್ಧದ ಬೆನ್ನಿಗೆ, ೧೯೬೩ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನದ ಹತೋಟಿಯನ್ನು ಜಾರಿಗೆ ತಂದು, ೧೪ ಕ್ಯಾರೆಟ್ಟಿಗಿಂತ ಮೇಲಿನ ಆಭರಣ ಹೊಸದಾಗಿ ಮಾಡಕೂಡದೆಂದರು. ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. ಮಗಳ ಮದುವೆಗೆ ತಾಳಿ ಮಾಡಿಸುವ ತಂದೆಯೂ ಕಳ್ಳನಂತೆ ಅತ್ತಿತ್ತ ನೋಡಬೇಕಾಯಿತು. ‘ಜೇಡರ ಬಲೆ’ ಬಂದ ೧೯೬೮ರಲ್ಲಿಯೇ ಚಿನ್ನದ ಹತೋಟಿ ಶಾಸನವೂ ಬಂದಿತು. ಅದು ರದ್ದಾದದ್ದು ೧೯೯೦ರಲ್ಲಿ. ಚಿನ್ನವೆಂದರೆ ಕಳ್ಳಸಾಗಣೆ ಎಂದು ನಾಡೆಲ್ಲ ಪಿಸುಗುಟ್ಟುತ್ತಿದ್ದಾಗ ತೆರೆಯ ಮೇಲೆ ಚಿನ್ನದ ಸೂತ್ರ ಕಂಡರೆ ಅದು ಕಟ್ಟುಕಥೆಯಷ್ಟೇ ಅಲ್ಲ. ಜನರ ಎದೆಯ ಆಸೆ ಭಯಗಳೆರಡೂ ಹೌದು.

ಗೋವೆಯ ಮಾತೂ ಹಾಗೆಯೇ. ೧೯೬೧ರ ಡಿಸೆಂಬರಿನಲ್ಲಿ ಅದು ಪೋರ್ತುಗೀಜರಿಂದ ಬಿಡುಗಡೆಯಾಯಿತು. ಅಲ್ಲಿಯವರೆಗೆ ಹುಬ್ಬಳ್ಳಿ, ಲೋಂಡಾ ದಾಟಿ ರೈಲು ಹಿಡಿದು ಹೋದರೆ ಕ್ಯಾಸಲ್‌ರಾಕಿನಲ್ಲಿ ದೇಶ ಮುಗಿಯುತ್ತಿತ್ತು. ಅಲ್ಲಿ ಸುಂಕದ ತಪಾಸಣೆ. ನಮ್ಮ ಹಿರಿಯರಿಗೆ ಗೋವೆ ಮಗ್ಗುಲಲ್ಲೇ ಇದ್ದ ಪರದೇಶ. ಬಿಡುಗಡೆಯಾಗಿ ಏಳು ವರ್ಷಕ್ಕೆ ಕನ್ನಡದ ಸಿ.ಐ.ಡಿ. ಅಲ್ಲಿಗೆ ಹೋದನೆಂದರೆ ಉತ್ತರ ಕರ್ನಾಟಕದ ಪ್ರೇಕ್ಷಕನಿಗೆ ಅದು ಜರ್ಮನರ ಲಂಡನ್ನಿನಂತೆ ಬರಿ ಮಂಜಿನ ಊರಲ್ಲ. ಕೇಳಿ ಬಲ್ಲ, ನೋಡದ ಊರು.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಈ ಬಗೆಯ ಪುಸ್ತಕಗಳಲ್ಲಿ, ಚಿತ್ರಗಳಲ್ಲಿ ಹೆಣ್ಣು ಹೆಚ್ಚಾಗಿ ಕಿರುಚುವುದಕ್ಕೆ ಇಲ್ಲವೆ ಕುಣಿಯುವುದಕ್ಕೆ ಇದ್ದಾಳೆ. ಪೊಲೀಸ್ ತಪ್ಪು ಮಾಡುವುದೇ ಇಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಅಪರಾಧಿ ಯಾವಾಗಲೂ ಹೊರಗಿನವನು. ಕುರುಚಲು ಗಡ್ಡ ಬಿಟ್ಟು, ಕಪ್ಪು ಕನ್ನಡಕ ಹಾಕಿ, ಸಿಗಾರು ಸೇದುವವನು. ನಮ್ಮ ಹಳ್ಳಿಗಳ ಅಪರಾಧಿಗೆ ಕಪ್ಪು ಕನ್ನಡಕವಿರಲಿಲ್ಲ. ವರದಕ್ಷಿಣೆಗೆ ಸೊಸೆಯನ್ನು ಬಾವಿಗೆ ದೂಡಿದ ಮನೆ, ಬಡ್ಡಿ ಬರೆದು ಹೊಲ ನುಂಗಿದ ಧಣಿ, ಕೆರೆಯ ನೀರು ಮುಟ್ಟಿದನೆಂದು ದಲಿತನನ್ನು ಹೊಡೆದ ಓಣಿ ಇವೆಲ್ಲ ಎಲ್ಲರಿಗೂ ಗೊತ್ತಿದ್ದವು. ಪತ್ತೇದಾರನಿಗೆ ಕೆಲಸವೇ ಇರಲಿಲ್ಲ. ಜರ್ಮನ್ ಪ್ರೇಕ್ಷಕ ಲಂಡನ್ನಿನ ಮಂಜಿನಲ್ಲಿ ತನ್ನ ನೆನಪನ್ನು ಮರೆತಂತೆ ನಾವೂ ಕಳ್ಳರ ಅಡ್ಡೆಯ ಬಣ್ಣದ ದೀಪಗಳಲ್ಲಿ ನಮ್ಮ ಓಣಿಯನ್ನು ಮರೆತಿದ್ದೇವೆ. ಈ ಮರೆವು ಕೂಡ ಚರಿತ್ರೆಯ ಸಾಮಗ್ರಿಯೇ. ಅದನ್ನು ಓದಬೇಕಾದರೆ ಆ ಪುಸ್ತಕ, ಆ ಚಿತ್ರ ಉಳಿದಿರಬೇಕು.

ಬರೆದವರನ್ನು ಕೀಳೆಂದು ಎಣಿಸುವುದಂತೂ ಕೃತಘ್ನತೆ. ನವೆಂಬರ ಬಂತೆಂದರೆ ಊರೂರಲ್ಲಿ ಹಾರುವ ಹಳದಿ ಕೆಂಪು ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿಗಳು. ಕನ್ನಡ ಚಳವಳಿಯ ಸೇನಾನಿ. ವೃತ್ತಿಯಿಂದ ಅವರು ಪತ್ತೇದಾರಿ ಕಾದಂಬರಿಕಾರರು ಎಂಬುದನ್ನು ಎಷ್ಟು ಜನ ಬಲ್ಲರು? ೧೯೬೭ರಲ್ಲಿ ಬಾವಿಯ ಮಣ್ಣು ಕುಸಿದು ಅವರು ಅಕಾಲದಲ್ಲಿ ತೀರಿಕೊಂಡರು. ಬಾವುಟ ಉಳಿಯಿತು, ಕಾದಂಬರಿಗಳು ಕಣ್ಮರೆಯಾದವು. ಇನ್ನೊಬ್ಬರು ಟಿ.ಕೆ. ರಾಮರಾಯರು. ರಹಸ್ಯ, ಅಪರಾಧಗಳ ಕಾದಂಬರಿಗಳಿಂದ ಹೆಸರಾದ ಇವರದೇ ಕಾದಂಬರಿಯಿಂದ ೧೯೭೨ರಲ್ಲಿ ‘ಬಂಗಾರದ ಮನುಷ್ಯ’ ಹುಟ್ಟಿತು. ಓದಿದ ತರುಣರನ್ನು ಹೊಲದ ಕಡೆಗೆ ತಿರುಗಿ ನೋಡುವಂತೆ ಮಾಡಿತೆಂದು ಇಂದಿಗೂ ಹೇಳುವ ಚಿತ್ರ. ಪಂಕ್ತಿಯ ಹೊರಗೆ ಕೂಡಿಸಿದವರೇ ಪಂಕ್ತಿಗೆ ಬಡಿಸಿದ್ದಾರೆ!

ಕನ್ನಡದ ಮೊದಲ ವಾಕ್ಚಿತ್ರ ೧೯೩೪ರ ‘ಸತಿ ಸುಲೋಚನಾ’. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಏರ್ಪಟ್ಟದ್ದು ೧೯೬೪ರಲ್ಲಿ, ಎಷ್ಟೋ ರೀಲುಗಳು ಕೈತಪ್ಪಿ ಹೋದ ಮೇಲೆ. ಮೊದಲನೆಯ ಚಿತ್ರವೆಂಬ ಗೌರವವಿದ್ದುದಕ್ಕೇ ಈ ಗತಿಯಾದರೆ, ಗೌರವವೇ ಇಲ್ಲದ ಪುಸ್ತಕಗಳ ಗತಿ ಏನು? ಅವುಗಳ ಕಾಗದ ಅಗ್ಗದ್ದು. ಐವತ್ತು ವರ್ಷಕ್ಕೆ ಹಪ್ಪಳದಂತೆ ಮುರಿಯುತ್ತದೆ. ಗೆದ್ದಲು, ಬೆಳ್ಳಿಹುಳ ಎಂಬ ನಿಜವಾದ ಕ್ರಿಮಿಗಳು ಉಳಿದ ಕೆಲಸ ಮಾಡುತ್ತವೆ. ಅವನ್ನೂ ಮೀರಿಸಿದ ಕ್ರಿಮಿ, ಎಂ.ಎ. ಪದವಿ ಪಡೆದು ತಕ್ಕಡಿ ತರಿಸಿದ ನನ್ನಂಥವನು. ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಹೇಳುವುದು ವಿಮರ್ಶಕನ ಹಕ್ಕು. ಆದರೆ ಉಳಿಸಬೇಕೋ ಬೇಡವೋ ಎಂಬುದಕ್ಕೆ ಆ ತೀರ್ಪು ಆಧಾರವಾಗಬಾರದು. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿ ಹೊಳೆಆಲೂರಿನ ಕಡೆಯವಳು. ಹದಿನೈದು ದಿನದ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪುಸ್ತಕ ತಂದಳು. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ರಕ್ಷಾಪುಟವಿಲ್ಲ, ಹೆಸರಿಲ್ಲ, ಕೊನೆಯ ನಾಲ್ಕಾರು ಹಾಳೆಗಳೂ ಇಲ್ಲ. ತರಗತಿಯಲ್ಲಿ ಅದನ್ನು ಓದಿಸಿದೆ. ಹಿಂದಿನ ಬೆಂಚಿನವರೂ ತಲೆ ಎತ್ತಿ ಕೇಳಿದರು. ಹರಿದ ಜಾಗಕ್ಕೆ ಬಂದಾಗ ಕೊಲೆಗಾರ ಯಾರೆಂದು ಗದ್ದಲವೆದ್ದಿತು. ಒಬ್ಬ ತಮ್ಮನೆಂದ, ಒಬ್ಬಳು ಡಾಕ್ಟರನೆಂದಳು. ನನಗೂ ಗೊತ್ತಾಗಲಿಲ್ಲ. ಆಗ ಆ ಹುಡುಗಿ ಎದ್ದು, “ಸರ್, ನಮ್ಮಜ್ಜಿಗೆ ಗೊತ್ತೈತಂತ. ಆಕಿ ಮೂರನೇತ್ತಾಕ್ಕ ಸಾಲಿ ಬಿಟ್ಟಾಕಿ. ಇಂಥಾವ ಓದಿ ಓದಿ ಅಕ್ಷರಾ ಮರೀಲಿಲ್ಲ ಅಂತಾಳ. ಖೂನಿ ಮಾಡಿದಾಂವ ಯಾರು ಅಂತ ಕೇಳಿದ್ರ, ಮದಲ ನೀವು ಓದ್ರಿ, ಆಮ್ಯಾಲ ಹೇಳತೇನಿ ಅಂದ್ಲು” ಎಂದಳು.

ಬರುವ ಆದಿತ್ಯವಾರ ಆ ಅಜ್ಜಿಯನ್ನು ಕಾಣಲು ಹೋಗಬೇಕೆಂದಿದ್ದೇನೆ. ವಾಚಕರಲ್ಲಿಯೂ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ, ಅಂಥ ಟ್ರಂಕೊಂದು ಇದ್ದರೆ ತಕ್ಕಡಿಯವನನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಿ.